ಬದನಿಕೆ ಹಕ್ಕಿ ಇದೆಯೋ ಇಲ್ಲವೋ

ಬದನಿಕೆ ಹಕ್ಕಿ ಹೆಬ್ಬೆರಳಿಗಿಂತ ತುಸು ದೊಡ್ಡದು. ಮರದ ಮೇಲೆ ಬೆಳೆಯುವ ಬಂದಳಿಕೆಯ ಹಣ್ಣು ತಿಂದುಕೊಂಡು ಎಲೆಗಳ ನಡುವೆಯೇ ಇರುತ್ತದೆ. ಅದನ್ನು ಮೊದಲು ಕಿವಿ ಹುಡುಕಬೇಕು, ಆಮೇಲೆ ಕಣ್ಣು. ಭೈರುಂಬೆ ಕಡೆಯ ಬೆಟ್ಟದಲ್ಲಿ ಅದರ ‘ಚಿಕ್ ಚಿಕ್’ ಕೆಲವು ವರ್ಷಗಳಿಂದ ನನಗೆ ಕೇಳಿರಲಿಲ್ಲ.

ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ದು ಗಿಡ, ಹಕ್ಕಿ ತೋರಿಸುವ ಸಂಬಳವಿಲ್ಲದ ಮೇಷ್ಟ್ರು ನಾನು. ಜೊತೆಗೆ ಸಿದ್ದಾಪುರದ ಗೆಳೆಯನೊಬ್ಬ. ನನ್ನದೇ ವಯಸ್ಸು, ಬ್ಯಾಂಕಿನಿಂದ ನಿವೃತ್ತ. ಅವನನ್ನು ಕೇಳಿದೆ. ಕಿವಿಗೆ ಕೈ ಒಡ್ಡಿ ನಿಂತು, “ಇಲ್ಲೆ ಮಾರಾಯಾ, ಹೋತು ಅದು” ಎಂದ. ಇಬ್ಬರು ಅನುಭವಸ್ಥರು ಒಪ್ಪಿದ ಮೇಲೆ ಇನ್ನೇನು! ಬಂದ ಮಕ್ಕಳನ್ನೆಲ್ಲ ಅಲ್ಲಿಯ ಮಾವಿನ ಮರದ ಕೆಳಗೆ ನಿಲ್ಲಿಸಿ, ಮನುಷ್ಯರ ದುರಾಸೆಗೆ ಒಂದು ಪುಟ್ಟ ಹಕ್ಕಿ ಇಲ್ಲವಾಯಿತು ಎಂದು ಪಾಠ ಹೇಳಿದೆವು. ನಾಟಕವಲ್ಲ, ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಈ ಚಳಿಗಾಲ ಯಲ್ಲಾಪುರದಿಂದ ಬಂದ ಮಕ್ಕಳಿಗೂ ಅದೇ ಪಾಠ. ಅದು ಹೇಗೆ ಕೂಗುತ್ತಿತ್ತೆಂದು ಅನುಕರಿಸಿದೆ. ಒಬ್ಬ ಹುಡುಗಿ, “ಹಂಗೇ ಕೂಗ್ತಾ ಇದೆಯಲ್ಲ ಸರ್, ಆಗಿಂದ!” ಎಂದಳು. ದುರ್ಬೀನು ಎತ್ತಿದೆ. ಎಲೆ, ಬಂದಳಿಕೆ, ಮತ್ತೆ ಎಲೆ.

“ನೀ ಕೂಗಿದ್ದಕ್ಕೆ ಹಾಂಗೆ ಅನಿಸ್ತು ಅವ್ಕೆ” ಎಂದ ಗೆಳೆಯ. ಇರಬಹುದು. ಮೇಷ್ಟ್ರನ್ನು ಮೆಚ್ಚಿಸಲು ಮಕ್ಕಳು ಇಲ್ಲದ್ದನ್ನೂ ಕೇಳಿಸಿಕೊಳ್ಳುತ್ತಾರೆ. ಆದರೆ ‘ಆಗಿಂದ’ ಎಂದಳಲ್ಲ?

ಮನೆಗೆ ಬಂದು ಮೊಬೈಲಿನಲ್ಲಿ ಆ ಹಕ್ಕಿಯ ಕೂಗಿನ ರೆಕಾರ್ಡಿಂಗ್ ಹಾಕಿದೆ. ಸದ್ದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ದರಿದ್ರ ಮೊಬೈಲು ಎಂದು ಬೈಯುತ್ತಿದ್ದಾಗ ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಅದ್ನ ಬಂದ್ ಮಾಡ್ತ್ರಾ ಇಲ್ಯಾ? ಚಿಕ್ ಚಿಕ್ ಹೇಳಿ ತಲೆ ತಿಂತಾ ಇದ್ದು!”

ಅವಳ ಮಾತು ಮಾತ್ರ ಸ್ಪಷ್ಟವಾಗಿ ಕೇಳಿತು. ವಯಸ್ಸಾದ ಕಿವಿಗೆ ಮೊದಲು ತಪ್ಪುವುದು ಇಂಥ ಚೂಪು ದನಿಗಳೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಾನು ಇಡೀ ಕಾಡನ್ನೇ ಡೊಂಕು ಎಂದುಬಿಟ್ಟಿದ್ದೆ. ಹಕ್ಕಿ ಉಳಿದಿದೆ ಎಂದು ನಗಬೇಕೋ, ಕಿವಿ ಹೋಯಿತೆಂದು ಅಳಬೇಕೋ ತಿಳಿಯಲಿಲ್ಲ. ಇಲ್ಲವಾದವು ಎಂದು ನಾವು ಸಾರಿಕೊಂಡು ಬಂದ ಬೇರೆ ಹಕ್ಕಿಗಳಲ್ಲಿ ಯಾವುವು ಕಾಡಿನಿಂದ ಹೋಗಿವೆ, ಯಾವುವು ನನ್ನ ಕಿವಿಯಿಂದ ಮಾತ್ರ? ಎಲ್ಲವೂ ಕಿವಿಯದೇ ದೋಷವಾಗಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಸ್ವಂತ ಕಿವುಡುತನಕ್ಕೆ ಹರಕೆ ಹೊತ್ತವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಹಂಗಾರೆ ಇನ್ನು ಮಕ್ಕಳಿಗೆ ಎಂತ ಹೇಳದು?” ಎಂದ.

ಮುಂದಿನ ವಾರ ಎಕ್ಕಂಬಿ ಕಡೆಯ ಮಕ್ಕಳು ಬಂದರು. ಪಾಠ ಬಿಟ್ಟು, ಎಲ್ಲರೂ ಸುಮ್ಮನೆ ನಿಂತು ಕೇಳಿ ಎಂದೆ. ಗೆಳೆಯ ಮರ ನೋಡುತ್ತಿದ್ದ, ನಾನು ಮಕ್ಕಳ ಮುಖ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಷ್ಟೂ ಮುಖಗಳು ಒಟ್ಟಿಗೇ ಮೇಲಕ್ಕೆ ತಿರುಗಿದವು.

“ಸರ್, ಅದ್ಯಾವ ಹಕ್ಕಿರೀ?”

ನನಗೆ ಏನೂ ಕೇಳಿರಲಿಲ್ಲ. ಪ್ರಶ್ನೆ ಕೇಳಿದ ಹುಡುಗನ ಬಳಿ ಬಗ್ಗಿ, ಅದು ಕೂಗಿದ ಹಾಗೆಯೇ ನನ್ನ ಕಿವಿಯಲ್ಲಿ ಒಮ್ಮೆ ಕೂಗು ಎಂದೆ.