ಉಡಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ನಮ್ಮ ವೈನಿಗೆ ಯಾರೂ ಕೇಳಬಾರದ ಪ್ರಶ್ನೆ ಒಂದಿದೆ. ಮೊನ್ನೆ ಶನಿವಾರ ಪೊಲೀಸರು ಅದನ್ನೇ ಕೇಳಿಬಿಟ್ಟರು.

"ಆ ಫಾರಿನ್ ಮೇಡಮ್ಮಾರಿಗೆ ನೀವು ಏನರ ಕೊಟ್ಟೀರೇನ್ರಿ?"

ಕೇಳಿದವರು ಠಾಣೆಯಿಂದ ಬಂದಿದ್ದ ಹೆಡ್ ಕಾನ್‌ಸ್ಟೇಬಲ್. ತೊಡೆಯ ಮೇಲೆ ಫೈಲು, ಕೈಯಲ್ಲಿ ಪೆನ್ನು. "ಏನೂ ಇಲ್ರಿ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಬರೆದುಕೊಂಡು ಎದ್ದು ಹೋಗುತ್ತಿದ್ದರು. ನಾನು ಈ ವಾರದ ಅಂಕಣದಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ ಬಗ್ಗೆ ಬರೆಯುತ್ತಿದ್ದೆ.

ಆದರೆ ನೀವೇ ಹೇಳಿ, ಮನೆಗೆ ಬಂದ ಹೆಣ್ಣುಮಗಳಿಗೆ ಏನೂ ಕೊಟ್ಟಿಲ್ಲ ಅಂತ ಇಳಕಲ್ಲಿನ ಯಾವ ಮನೆಯೊಡತಿ ಬಾಯಿಬಿಟ್ಟು ಹೇಳುತ್ತಾಳೆ? ಅದೂ ಹೊರಗಿನವರ ಎದುರಿಗೆ?

ವೈನಿಗೆ ಸಿಟ್ಟು ನೆತ್ತಿಗೇರಿತು. "ನಮ್ಮನ್ನ ಏನಂತ ತಿಳದೀರಿ ಸಾಹೇಬ್ರ?" ಎಂದವರೇ ಶುರು ಹಚ್ಚಿಕೊಂಡರು. "ಇರಾಕ ಮ್ಯಾಲಿನ ಖೋಲಿ ಕೊಟ್ಟೇವಿ. ಮುಂಜಾನೆ ನಾಷ್ಟಾ ಕೊಟ್ಟೇವಿ. ಮಧ್ಯಾಹ್ನಕ್ಕ ಬಿಸಿ ರೊಟ್ಟಿ, ಬದನಿಕಾಯಿ ಪಲ್ಯ, ಗಟ್ಟಿ ಮೊಸರು. ಅಕಿಗೆ ಖಾರ ಆಗಂಗಿಲ್ಲಂತ ಬ್ಯಾರೆನ ಪಲ್ಯ ಮಾಡೇವಿ. ಅಮಾಸಿಗೆ ಹೋಳಗಿ. ಮತ್ತ ಉಡಿ ತುಂಬೇವಿ. ಉಡ್ಯಾಗ ಸೀರಿ ಕೊಟ್ಟೇವಿ. ಅಂಥಿಂಥಾ ಸೀರಿ ಅಲ್ರಿ, ರೇಷ್ಮಿದು, ಟೋಪಿ ತೆನಿ ಸೆರಗಿಂದು!"

ಒಂದೊಂದು "ಕೊಟ್ಟೇವಿ"ಗೂ ಪೆನ್ನು ಓಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಆ ಫಾರಿನ್ ಮೇಡಮ್, ಕ್ಲಾರಾಳ ಮುಖ ಬಿಳಚಿಕೊಳ್ಳುತ್ತಿತ್ತು. (ಮೊದಲೇ ಬಿಳಿ. ಆದರೂ ಗೊತ್ತಾಗುತ್ತಿತ್ತು.) ನಾನು ಮೆಲ್ಲಗೆ ವೈನಿಯ ಕಾಲು ತುಳಿದೆ. "ಯಾಕವಾ, ಕಾಲ ತುಳ್ಯಾಕತ್ತೀಯಲ್ಲ?" ಎಂದು ಅವರು ಓಣಿಗೆಲ್ಲ ಕೇಳುವಂತೆ ಕೇಳಿದರು.

ತಡೀರಿ, ಮೊದಲಿಂದ ಹೇಳುತ್ತೇನೆ.

ವೈನಿ ಅಂದರೆ ನಮ್ಮಣ್ಣನ ಹೆಂಡತಿ. ಇಳಕಲ್ಲಿನ ತಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಕಿವಿ ಕೇಳದ ಮಕ್ಕಳಿಗೆ ಒಂದು ಪುಟ್ಟ ಸಾಲಿ ನಡೆಸುತ್ತಾರೆ. ಫೀಸಿಲ್ಲ, ಬೋರ್ಡಿಲ್ಲ. ಸೀರೆ ನೇಯುವವರ ಮಕ್ಕಳು, ಗ್ರಾನೈಟ್ ಪಾಲಿಶ್ ಮಾಡುವವರ ಮಕ್ಕಳು ಬರುತ್ತಾರೆ. ಹೆಚ್ಚಿನವರಿಗೆ ಹೇಗೋ ಕಿವಿಯ ಮಶೀನು ಸಿಕ್ಕಿದೆ. ಆದರೆ ಮಶೀನು ಹಾಕಿದ ಮಾತ್ರಕ್ಕೆ ಮಾತು ಬಂದುಬಿಡುತ್ತದೆಯೇ? ಕಿವಿಗೆ ಬಿದ್ದ ಸದ್ದನ್ನು ನಾಲಿಗೆಗೆ ತರುವುದು ಹೇಗೆ ಅಂತ ಪಕ್ಕದಲ್ಲಿ ಕೂತು ಕಲಿಸುವವರು ಬೇಕು. ಅಂಥವರನ್ನು ಹುಡುಕಿಕೊಂಡು ದೂರದ ಊರಿಗೆ ಓಡಾಡುವುದು ಈ ತಾಯಂದಿರಿಗೆ ಆಗದ ಮಾತು.

ಕ್ಲಾರಾ ಅದೇ ಕೆಲಸ ಬಲ್ಲವಳು. ಜರ್ಮನಿಯವಳು, ವಯಸ್ಸಿನಲ್ಲಿ ನನ್ನ ಓರಗೆ. ನನಗೆ ಸಿಕ್ಕಿದ್ದು ಬಾದಾಮಿಯ ಬಸ್ ಸ್ಟ್ಯಾಂಡಿನಲ್ಲಿ. ಬಂದಿದ್ದು ಬಂಡೆ ಹತ್ತಲಿಕ್ಕೆ. ನಾವು ಬಾಗಲಕೋಟೆಯವರು ಬಾದಾಮಿಗೆ ಹೋದರೆ ಮೆಟ್ಟಿಲಿರುವ ಗುಡ್ಡವನ್ನೇ ಏದುಸಿರು ಬಿಡುತ್ತ ಹತ್ತುತ್ತೇವೆ. ಈಕೆ ಮೆಟ್ಟಿಲೇ ಇಲ್ಲದ ಜಾಗ ಹುಡುಕಿ ಹಗ್ಗ ಕಟ್ಟಿಕೊಂಡು ಹತ್ತುತ್ತಾಳೆ! ಬಸ್ಸು ತಡವಾಯಿತು, ಮಾತು ಬೆಳೆಯಿತು. ಊರಲ್ಲಿ ಏನು ಕೆಲಸ ಅಂತ ಕೇಳಿದೆ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುತ್ತೇನೆ ಅಂದಳು. ನಾನು ಬಾಗಲಕೋಟೆಯ ಬಸ್ಸು ಬಿಟ್ಟು ಅವಳನ್ನು ನೇರ ಇಳಕಲ್ಲಿಗೆ ಕರೆದುಕೊಂಡು ಹೋದೆ.

ಹೋದ ಮೊದಲ ದಿನವೇ ಕ್ಲಾರಾ "ಕಲ್ಲವ್ವ" ಆದಳು. ನಮ್ಮ ಕಡೆ ನಾಲಿಗೆಗೆ ಕ್ಲಾ, ಪ್ಲಾ ಎಲ್ಲ ಒಗ್ಗುವುದಿಲ್ಲ. ಅವಳಿಗೂ ಹೆಸರು ಹಿಡಿಸಿತು. ಬಂಡೆ ಹತ್ತುವವಳಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾವುದಿದೆ?

ಆದರೆ ಕಲ್ಲವ್ವ ಬಹಳ ಕಟ್ಟುನಿಟ್ಟು. ಕೆಲಸ ಶುರು ಮಾಡುವ ಮೊದಲೇ ಮೊಬೈಲಿನಲ್ಲಿ ವೀಸಾ ನಿಯಮ ತೆಗೆದು ನಮ್ಮ ಮುಂದೆ ಹಿಡಿದಳು. ಅವಳದು ಆನ್‌ಲೈನ್‌ನಲ್ಲಿ ಸಿಗುವ ಟೂರಿಸ್ಟ್ ವೀಸಾ. ಅದರಲ್ಲಿ ಸ್ವಲ್ಪ ದಿನ, ಹೆಚ್ಚೆಂದರೆ ಒಂದು ತಿಂಗಳು, ಸ್ವಯಂಸೇವೆ ಮಾಡಬಹುದು. ಆದರೆ ಅದರ ಬದಲಿಗೆ ಹಣವಾಗಲಿ, ಬೇರೆ ಯಾವುದೇ ರೂಪದ ಪ್ರತಿಫಲವಾಗಲಿ ಪಡೆಯುವಂತಿಲ್ಲ. (ನಿಯಮಗಳು ಆಗಾಗ ಬದಲಾಗುತ್ತವೆ. ನನ್ನ ಅಂಕಣ ತೋರಿಸಿ ಏರ್‌ಪೋರ್ಟಿನಲ್ಲಿ ವಾದಕ್ಕೆ ನಿಲ್ಲಬೇಡಿ ಮತ್ತೆ.) ಬ್ಯಾಂಕಿನಿಂದ ನಿವೃತ್ತನಾದ ನಮ್ಮಣ್ಣನೂ ಅಷ್ಟೇ ಕಟ್ಟುನಿಟ್ಟು. ಮನೆಯಲ್ಲಿ ವಿದೇಶಿಯರು ತಂಗಿದರೆ ಸರ್ಕಾರಕ್ಕೆ ತಿಳಿಸಬೇಕು ಅಂತ ಅಂದೇ ಕಂಪ್ಯೂಟರಿನಲ್ಲಿ ತಿಳಿಸಿದ. "ಮನಿಗೆ ಬಂದ ಬೀಗರ ಸುದ್ದಿ ಪೊಲೀಸರಿಗೆ ಯಾಕ್ರಿ?" ಎಂದು ವೈನಿ ಮುಖ ತಿರುವಿದರು.

ಆಮೇಲೆ ಮಕ್ಕಳು. ಕಲ್ಲವ್ವ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಮಗುವಿನ ಕೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ಸದ್ದು ತೆಗೆಯುತ್ತಿದ್ದಳು. ಅದು ನಡುಗುವುದು ಮಗುವಿನ ಬೆರಳಿಗೆ ಗೊತ್ತಾಗುತ್ತಿತ್ತು. ಕನ್ನಡ ಅವಳಿಗೆ ಬಾರದು, ವೈನಿ ಒಂದೊಂದೇ ಶಬ್ದ ಹೇಳಿಕೊಡುತ್ತಿದ್ದರು. ಸಾವಿತ್ರಿ ಅಂತ ಒಂದು ಹುಡುಗಿ. ಅವಳ ಅವ್ವ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಸಂಜೆ ಕರೆದುಕೊಂಡು ಹೋಗಲು ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಒಳಗಿಂದ ಸಾವಿತ್ರಿ "ಅವ್ವಾ" ಅಂದಳು.

ಅಷ್ಟೇ. ಆ ತಾಯಿ ಹೊಸ್ತಿಲ ಮೇಲೆ ಕೂತು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ?

ಮರುದಿನವೇ ವೈನಿ ಕಲ್ಲವ್ವನಿಗೆ ಉಡಿ ತುಂಬಿದರು. (ಮೈಸೂರು ಕಡೆಯವರು ಮಡಿಲು ತುಂಬುವುದು ಅನ್ನುತ್ತಾರೆ.) ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಕುಪ್ಪಸದ ಖಣ, ಸೀರೆ. ಮದುವೆ ಆಗಿದೆಯೋ ಇಲ್ಲವೋ ಅಂತ ಕೇಳಲಿಲ್ಲ. "ಹೆಣ್ಮಗಳು ಅಂದ್ರ ಆತು" ಅಂದರು. ತೊಂದರೆ ಬಂದದ್ದು ಬೇರೆ. ಪ್ಯಾಂಟಿಗೆ ಉಡಿ ಎಲ್ಲಿರುತ್ತದೆ? ಕೊನೆಗೆ ನನ್ನ ಶಾಲನ್ನೇ ಕಸಿದು ಅವಳ ಹೆಗಲಿಗೆ ಹೊದಿಸಿ ಅದರ ಅಂಚು ಹಿಡಿಸಿ ತುಂಬಿದರು. ಕಲ್ಲವ್ವ "ಬ್ಯಾಡ್ರಿ, ಸಾಕ್ರಿ" ಅನ್ನುತ್ತಲೇ ಇದ್ದಳು. (ನಮ್ಮಲ್ಲಿ ಉಂಡು ಹೋದವರು ಮೊದಲು ಕಲಿಯುವ ಕನ್ನಡ ಇದೇ. ಉಪಯೋಗಕ್ಕೆ ಬಾರದ ಕನ್ನಡವೂ ಇದೇ.) ಆ ಖುಷಿಯಲ್ಲಿ ಅವಳು ಮಾತು ಕೊಟ್ಟಳು, ಮುಂದಿನ ವರ್ಷವೂ ಬರುತ್ತೇನೆ, ಸಾವಿತ್ರಿಯ ಬಾಯಲ್ಲಿ ಪೂರ್ತಿ ವಾಕ್ಯ ತರಿಸುತ್ತೇನೆ ಅಂತ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ಶನಿವಾರ ಹೆಡ್ ಕಾನ್‌ಸ್ಟೇಬಲ್ ಅಣ್ಣ ಕಂಪ್ಯೂಟರಿನಲ್ಲಿ ತಿಳಿಸಿದ್ದರ ವಿಚಾರಣೆಗೆ ಬಂದದ್ದು. ಪಾಪ, ಒಳ್ಳೆಯ ಮನುಷ್ಯ. ವೈನಿ ಅವಲಕ್ಕಿ ತಂದಿಟ್ಟರೆ, "ಬ್ಯಾಡ್ರಿ ಅಕ್ಕಾರ, ಇವತ್ತ ತುಳಸಿಗೇರಿ ಹಣಮಪ್ಪಂದು ಒಪ್ಪತ್ತು" ಅಂದರು. "ಚಹಾ ನಡೀತೈತಲ್ಲ?" ಅಂತ ವೈನಿ ಚಹಾ ಕೊಟ್ಟೇಬಿಟ್ಟರು. ಅದಾದ ಮೇಲೆ ಆ ಪ್ರಶ್ನೆ ಬಂತು, ವೈನಿಯ ಉತ್ತರವೂ ಬಂತು.

ಕಾನ್‌ಸ್ಟೇಬಲ್ ಬರೆದದ್ದನ್ನು ಒಮ್ಮೆ ಓದಿಕೊಂಡು ನಿಟ್ಟುಸಿರು ಬಿಟ್ಟರು. "ಅಕ್ಕಾರ, ಇದೆಲ್ಲಾ ಪ್ರತಿಫಲ ಆಗ್ತೈತ್ರಿ. ಇವ್ರು ಕೆಲಸ ಮಾಡ್ಯಾರ, ನೀವು ಬದಲಿಗೆ ಕೊಟ್ಟೀರಿ ಅಂತಾರ. ಮುಂದ ವೀಸಾಕ್ಕ ತ್ರಾಸ ಆಗಬಹುದು."

"ಬದಲಿಗಾ?" ವೈನಿ ಎದ್ದೇ ನಿಂತರು. "ಉಡಿ ಯಾರರ ಬದಲಿಗೆ ತುಂಬ್ತಾರೇನ್ರಿ?"

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ನಿಮ್ಮ ಕೈಯಾಗಿನ ಚಹಾ ಯಾವುದರ ಬದಲಿಗ್ರಿ?" ಅಂದೆ.

ಅವರು ಕಪ್ಪು ನೋಡಿದರು, ನನ್ನನ್ನು ನೋಡಿದರು, ನಕ್ಕುಬಿಟ್ಟರು. "ನಂಗ ತಿಳೀತೈತ್ರಿ. ನನ್ನ ತಂಗಿಗೂ ಉಡಿ ತುಂಬಿ ಕಳಸ್ತೀವಿ. ಆದ್ರ ಮ್ಯಾಲ ಕುಂತು ಇದನ್ನ ಓದವ್ರಿಗೆ ಹೆಂಗ ತಿಳಸೂದು? ಉಡಿಗೆ ಇಂಗ್ಲಿಷಿನ್ಯಾಗ ಏನಂತಾರ? ನೀವು ಪೇಪರಿಗೆ ಬರಿಯೋರು, ನೀವ ಹೇಳ್ರಿ."

ನಾನು ತಲೆ ಕೆರೆದುಕೊಂಡೆ. "ಗಿಫ್ಟ್" ಅಂದೆ. "ಅದನ್ನ ಪ್ರತಿಫಲ ಅಂತಾರ್ರಿ" ಅಂದರು. ಅಣ್ಣ ತನ್ನ ಬ್ಯಾಂಕಿನ ಬುದ್ಧಿ ಓಡಿಸಿ "ಸೀರಿಗೆ ಯೂನಿಫಾರ್ಮ್ ಅಂತ ಬರೀರಿ" ಅಂದ. ಕೆಲಸಕ್ಕೇ ಇಟ್ಟುಕೊಂಡ ಹಾಗಾಗಲಿಲ್ಲವೇ? ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದೆವು.

ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಯಾರು ಬಂದರು, ಏನು ಮಾಡುತ್ತಿದ್ದಾರೆ ಅಂತ ದೇಶ ಕೇಳಬೇಕಾದದ್ದೇ. ಸೇವೆಯ ಹೆಸರಲ್ಲಿ ಪುಕ್ಕಟೆ ದುಡಿಸಿಕೊಳ್ಳುವವರೂ ಇದ್ದಾರೆ, ಸೇವೆಯ ಹೆಸರಲ್ಲಿ ದುಡ್ಡು ಮಾಡುವವರೂ ಇದ್ದಾರೆ. ನಮ್ಮವರು ಹೊರಗೆ ಹೋದಾಗ ಅವರೂ ಕೇಳುತ್ತಾರೆ. ಹುನಗುಂದದ ನನ್ನ ಗೆಳತಿ ಮಗಳ ಬಾಣಂತನಕ್ಕೆ ವಿದೇಶಕ್ಕೆ ಹೋದಾಗ ಏರ್‌ಪೋರ್ಟಿನಲ್ಲಿ "ಇಲ್ಲಿ ಏನು ಮಾಡುತ್ತೀರಿ?" ಅಂದರಂತೆ. ಈಕೆ ಹೆಮ್ಮೆಯಿಂದ "ಎಲ್ಲಾ ನಾನ ಮಾಡಾಕಿ! ಅಡಗಿ, ಕೂಸಿಗೆ ನೀರ ಎರಿಯೂದು, ಎಲ್ಲಾ" ಅಂತ ದುಭಾಷಿಯಿಂದ ಹೇಳಿಸಿದ್ದಾಳೆ. ಅವರು ಕೆಲಸಕ್ಕೆ ಬಂದವಳು ಅಂತ ತಿಳಿದು ಬಹಳ ಹೊತ್ತು ಕೂರಿಸಿದರು. ಸುಮ್ಮನೆ ಕೂತು ಉಣ್ಣಲಿಕ್ಕೆ ಬಂದಿದ್ದೇನೆ ಅನ್ನಲು ಆಕೆಗೆ ನಾಚಿಕೆ. ನಮ್ಮ ಹೆಣ್ಣುಮಕ್ಕಳಿಗೆ ಏನೂ ಮಾಡುವುದಿಲ್ಲ, ಏನೂ ಕೊಟ್ಟಿಲ್ಲ ಎಂಬ ಮಾತೇ ಬರುವುದಿಲ್ಲ ನೋಡಿ.

ನಮ್ಮ ಗದ್ದಲದ ನಡುವೆ ಕಲ್ಲವ್ವ ಎದ್ದು ಮೇಲೆ ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಕೆಳಗೆ ಬಂದಾಗ ಕೈಯಲ್ಲಿ ಸೀರೆ ಇತ್ತು, ಮೇಲೆ ಖಣ ಇತ್ತು. ವೈನಿಯ ಮುಂದೆ ಹಿಡಿದಳು.

"ವೈನಿ, ತಗೊಳ್ರಿ. ರೂಲ್ ಐತಿ."

ಉಡಿಯಲ್ಲಿ ಹಾಕಿದ್ದನ್ನು ನಮ್ಮಲ್ಲಿ ಯಾರೂ ತಿರುಗಿ ಕೊಡುವುದಿಲ್ಲ. ಕೊಟ್ಟರೆ ಆ ಮನೆಯ ಸಂಬಂಧ ಬೇಡ ಅಂದಂತೆ. ವೈನಿಯ ಕಣ್ಣು ತುಂಬಿದವು. "ಉಡಿ ತಿರುಗಿ ಕೊಡ್ತಾರೇನವಾ? ನಾ ಏನ್ ತಪ್ಪ ಮಾಡೇನಿ?"

ಕಲ್ಲವ್ವನೂ ಅಳುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ವೈನಿಗೆ ಕನ್ನಡದಲ್ಲಿ ಹೇಳಿದೆ. ಇದನ್ನು ಇಟ್ಟುಕೊಂಡರೆ ಮುಂದಿನ ವರ್ಷ ಒಳಗೆ ಬಿಡುತ್ತಾರೋ ಇಲ್ಲವೋ. ನನಗೆ ಸೀರೆಯೂ ಬೇಕು, ಸಾವಿತ್ರಿಯೂ ಬೇಕು. ಒಂದನ್ನೇ ಆರಿಸು ಅಂದರೆ ಸಾವಿತ್ರಿ.

ವೈನಿ ತುಸು ಹೊತ್ತು ಸೀರೆಯನ್ನೇ ನೋಡಿದರು. ಆಮೇಲೆ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಕಾನ್‌ಸ್ಟೇಬಲ್ ಕಡೆ ತಿರುಗಿದರು.

"ಬರಕೊಳ್ರಿ ಸಾಹೇಬ್ರ. ನಾವು ಅಕಿಗೆ ಏನೂ ಕೊಟ್ಟಿಲ್ಲ."

ಹಟದ ಹೆಣ್ಣುಮಗಳು ನಮ್ಮ ವೈನಿ, ಅವರು ಇಷ್ಟು ಸೋತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಆ ಕ್ಷಣ ನಿಯಮದ ಮೇಲೂ ಸಿಟ್ಟು, ಇಂಗ್ಲಿಷಿನ ಮೇಲೂ ಸಿಟ್ಟು ಬಂತು.

ಕಾನ್‌ಸ್ಟೇಬಲ್ ಹಳೆಯ ಹಾಳೆ ಹರಿದು ಹೊಸದು ತೆಗೆದರು. "ರೊಟ್ಟಿ ತಿಂದಿದ್ದು?" ಅಂತ ಅಣ್ಣ ಮೆಲ್ಲಗೆ ಕೇಳಿದ. "ಅದನ್ನಂತೂ ತಿರುಗಿ ಕೊಡಾಕ ಬರಂಗಿಲ್ಲ ಬಿಡ್ರಿ" ಎಂದು, "ಮನೆಯ ಅತಿಥಿ" ಅಂತ ಬರೆದು ಸಹಿ ಮಾಡಿಸಿಕೊಂಡು ಹೊರಟರು.

ತಿಂಗಳು ತುಂಬುವ ಮೊದಲೇ, ಈ ಬುಧವಾರ, ಕಲ್ಲವ್ವ ಹೊರಟಳು. ಏರ್‌ಪೋರ್ಟಿನಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. ಅಲ್ಲಿಂದಲೇ ಫೋನ್ ಮಾಡಿದಳು. ಸಾವಿತ್ರಿ ಫೋನಿನ ಹತ್ತಿರ ಬಾಯಿಟ್ಟು "ಕಲ್ಲವ್ವಾ" ಅಂದಳು. ಆ ಕಡೆಯಿಂದ ಕಲ್ಲವ್ವ ಅದನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಕೇಳಿದಳು, ಮುಂದಿನ ವರ್ಷದ ಅರ್ಜಿಯಲ್ಲಿ ಬರುವ ಉದ್ದೇಶ ಅಂತ ಏನು ಬರೆಯಲಿ?

ವೈನಿ ನನ್ನ ಕೈಯಿಂದ ಫೋನು ಕಸಿದುಕೊಂಡರು. "ಕೆಲಸ-ಗಿಲಸ ಏನೂ ಬರೀಬ್ಯಾಡ. ನಿನ್ನ ಸೀರಿ ನನ್ನ ಟ್ರಂಕಿನ್ಯಾಗ ಐತಿ, ಉಟ್ಕೊಳ್ಳಾಕ ಬರ್ತೇನಿ ಅಂತ ಬರಿ!"

ಸೀರೆ ಉಡಲಿಕ್ಕೆ ಬರುವವರಿಗೆ ಯಾವ ವೀಸಾ ಕೊಡುತ್ತಾರೆ, ಬಲ್ಲವರು ಯಾರಾದರೂ ಇದ್ದೀರಾ?