ಪೂಜೆಗೆ ಕೂತ ತೊಟ್ಟಿ

ಎಪ್ಪತ್ತರ ದಶಕದ ದೆಹಲಿಯಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದಾಗ ನನ್ನ ಜೀವವೆಲ್ಲ ಒಂದು ಗಾಜಿನ ತೊಟ್ಟಿಯಲ್ಲಿತ್ತು. ಕೆಳಗೆ ನೀರು, ಮೇಲೆ ಸಿಲಿಕೋನ್ ಎಣ್ಣೆ. ತಳದಿಂದ ಕಾಯಿಸಿದರೆ ಎರಡೂ ತಮ್ಮ ತಮ್ಮ ಜಾಗದಲ್ಲೇ ಹುಚ್ಚೆದ್ದು ಸುತ್ತಬೇಕು, ಬೆರೆಯಬಾರದು, ನಡುವಿನ ಗೆರೆ ಉಳಿಯಬೇಕು. ಆ ಗೆರೆ ದಾಟಿ ಶಾಖ ಹೇಗೆ ಮೇಲೇರುತ್ತದೆ ಎಂಬುದೇ ನನ್ನ ಪ್ರಬಂಧ. ಸುತ್ತಾಟ ಜೋರಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಎಣ್ಣೆಯೇ ಬೇಕು. ಆ ಶನಿ ಕರೆಂಟಿನಿಂದಾಗಿ ಪ್ರಯೋಗ ಕೆಟ್ಟು ಕೆಟ್ಟು, ವಿದೇಶದಿಂದ ತರಿಸಿದ ಎಣ್ಣೆ ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿತ್ತು. ಮತ್ತೆ ತರಿಸಲು ಪರವಾನಗಿಗೆ ವರ್ಷವಾದರೂ ಕಾಯಬೇಕು.

ಅಷ್ಟರಲ್ಲಿ ಆಯುಧಪೂಜೆ ಬಂತು. ಊರೆಲ್ಲ ರಾಮಲೀಲೆ ನೋಡುತ್ತಿದ್ದರೆ ನನ್ನ ಹೆಂಡತಿಗೆ ತೊಟ್ಟಿಯದೇ ಚಿಂತೆ.

"ನಿಮ್ಮ ಆಯುಧ ಅದೇ ತಾನೇ? ತೊಳೀದೆ ಪೂಜೆ ಮಾಡಕ್ಕಾಗತ್ತಾ?" ಎಂದು ಜನಕಪುರಿಯ ಮನೆಯಿಂದ ಬಸ್ಸಿನಲ್ಲಿ ನನ್ನ ಜೊತೆ ಪ್ರಯೋಗಾಲಯಕ್ಕೆ ಬಂದಳು. ನಾನು ಹೂವು ತರುವಷ್ಟರಲ್ಲಿ ತೊಟ್ಟಿ ಥಳಥಳ ಹೊಳೆಯುತ್ತಿತ್ತು. ಗಡಸು ನೀರಿನ ಒಂದು ಬಿಳಿ ಕಲೆಯೂ ಇಲ್ಲ. ಕುಂಕುಮವಿಟ್ಟು, ಚೆಂಡುಹೂ ಏರಿಸಿ ಕೈಮುಗಿದೆವು. ಪೂಜೆಯಾದದ್ದನ್ನು ಮತ್ತೆ ತೊಳೆಯುವ ಪದ್ಧತಿ ನಮ್ಮಲ್ಲಿಲ್ಲ.

ರಜೆ ಮುಗಿದ ಮೇಲೆ ನೀರು ತುಂಬಿ, ಕೊನೆಯ ಎಣ್ಣೆ ಸುರಿದು ಹೀಟರು ಹಾಕಿದೆ. ಅಂದು ಕರೆಂಟು ಕೂಡ ಹೋಗಲಿಲ್ಲ! ಮಧ್ಯಾಹ್ನ ಸುತ್ತಾಟ ರಭಸವಾಗಿದ್ದೇ ತಡ, ನಡುವಿನ ಗೆರೆ ಚೂರುಚೂರಾಯಿತು. ನೋಡನೋಡುತ್ತಿದ್ದಂತೆ ತೊಟ್ಟಿಯ ತುಂಬ ಬೆಳ್ಳನೆಯ ಮಜ್ಜಿಗೆ. ಹೀಟರು ಆರಿಸಿ ಸಂಜೆಯವರೆಗೂ ಕಾದೆ. ಹಾಳಾದ್ದು ಬೇರೆಯಾಗಲೇ ಇಲ್ಲ. ವೋಲ್ಟೇಜನ್ನು ಬೈದೆ, ಹೀಟರನ್ನು ಬೈದೆ, ಎಣ್ಣೆ ಮಾಡಿದವರನ್ನೂ ಬಿಡಲಿಲ್ಲ.

ಮನೆಗೆ ಬಂದು ಹೇಳಿದರೆ ಅವಳಿಗೆ ನಂಬಿಕೆಯೇ ಬರಲಿಲ್ಲ.

"ಅಷ್ಟು ಚೆನ್ನಾಗಿ ತಿಕ್ಕಿದ್ನಲ್ರೀ! ಅಂಗಡಿ ಭಯ್ಯಾ ಹತ್ರ ರೀಠಾ ಕೇಳಿ ತಂದು ನೆನೆಸಿಟ್ಟಿದ್ದೆ. ನಮ್ಮ ಅಂಟುವಾಳಾನೇ, ಬೆಳ್ಳಿ ಸಾಮಾನಿಗೆ ಹಾಕ್ತೀವಲ್ಲ. ಅದ್ರಲ್ಲಿ ತಿಕ್ಕಿ ಮುಗಿಸೋ ಅಷ್ಟರಲ್ಲಿ ನಲ್ಲಿ ನಿಂತ್ಹೋಯ್ತು, ಒಂದೇ ಸಲ ಗಲಬರಿಸಿ ಒರೆಸಿದೆ."

ಎಣ್ಣೆಯ ಜಿಡ್ಡನ್ನು ನೀರಿನಲ್ಲಿ ಬೆರೆಸುವುದೇ ಅಂಟುವಾಳದ ಕೆಲಸ. ಮೂಲೆಯಲ್ಲಿ ಉಳಿದ ಚೂರು ನೊರೆ ಸಾಕಾಗಿತ್ತು. ಸಿಟ್ಟು ನೆತ್ತಿಗೇರಿತು.

"ಇನ್ನೊಂದು ವರ್ಷ ಹೋಯ್ತು, ಗೊತ್ತಾ?" ಎಂದು ಕೂಗಿದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ವರ್ಷ ಇವರ ಥೀಸಿಸ್ ಮುಗಿಸಪ್ಪಾ, ನಾವು ಊರಿಗೆ ಹೋಗ್ಬೇಕು ಅಂತ ಆ ತೊಟ್ಟಿ ಮುಂದೇನೇ ಬೇಡ್ಕೊಂಡಿದ್ದೆ."

ನಾನು ಎದ್ದು ಕೈಕಾಲು ತೊಳೆಯಲು ಹೋದೆ. ಊಟಕ್ಕೆ ಕರೆದಾಗ, "ಇವತ್ತು ಮಜ್ಜಿಗೆ ಮಾತ್ರ ಬೇಡ" ಎಂದೆ.