ವೈನಿ ಮಲಗಿ ಕಲಿತ ಸೂರು

ಮೊನ್ನೆ ಕಬ್ಬೂರಿನ ಅಣ್ಣನ ಮನೆಯಲ್ಲಿ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಸರಿದ ಹೆಂಚಿನ ಸಂದಿಯಿಂದ ರೊಟ್ಟಿ ಚೂರಿನಷ್ಟು ಬಿಸಿಲು ಬಂದು ನನ್ನ ಮೂಗಿನ ಮೇಲೆ ಕೂತಿತು. ನೀವಾದರೆ ಮಗ್ಗಲು ಬದಲಿಸುತ್ತಿದ್ದಿರಿ. ನಾನು ಕಣ್ಣು ಕಿರಿದು ಮಾಡಿ, ಅದು ಸೂರಿನ ಎಷ್ಟನೇ ಪಕಾಸಿಯ ಹತ್ತಿರ ಎಂದು ಎಣಿಸತೊಡಗಿದೆ. ಎಣಿಕೆ ತಪ್ಪಿತು. ಈ ಚಟ ಹತ್ತಿದ್ದು ವೈನಿಯಿಂದ.

ವೈನಿ ಎಂದರೆ ಅಣ್ಣನ ಹೆಂಡತಿ. ಎಂಬತ್ತರ ದಶಕದಲ್ಲಿ ಕೊಲ್ಹಾಪುರದ ಕಡೆಯಿಂದ ಬಂದವರು. ಆಗ ಮರಾಠಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅವ್ವನ ಮರಾಠಿಯೋ, ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಷ್ಟು. ಅತ್ತೆ ಸೊಸೆಗೆ ಜಗಳವಾಡಲೂ ಮಾತಿರಲಿಲ್ಲ. ನಡುವೆ ನಾನು ದುಭಾಷಿ. ಅರ್ಧ ನನಗನಿಸಿದ್ದನ್ನೇ ಸೇರಿಸಿ ಹೇಳುತ್ತಿದ್ದೆ.

ವೈನಿಯ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದಕ್ಕೆ ರಾಯಬಾಗದ ಡಾಕ್ಟರು, ಹಾಸಿಗೆ ಬಿಟ್ಟು ಏಳಲೇಬಾರದು ಎಂದರು. ವೈನಿ ಸೂರು ನೋಡುತ್ತ ಮಲಗಿದರು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ಸಮಾಧಾನದ ಮಾತು ಅವ್ವನಿಗೆ ಕನ್ನಡದಲ್ಲೂ ಬರುತ್ತಿರಲಿಲ್ಲ. ಒಂದು ದಿನ ಜೇಡರಬಲೆ ತೆಗೆಯುವ ಕೋಲು ತಂದು ಹೊರಸಿನ ಪಕ್ಕ ನಿಂತಳು.

"ಇದು ತೊಲಿ. ಅನ್ನು."

"ತೊಲಿ."

"ಅದರ ಮ್ಯಾಲಿಂದ ಇಳಿಜಾರ ಬಂದಾವಲಾ, ಅವು ಪಕಾಸಿ. ಅಡ್ಡ ಪಟ್ಟಿ, ರೀಪು. ರೀಪಿನ ಮ್ಯಾಲ ಹಂಚು."

ದಿನಾ ಇದೇ ಪಾಠ. "ಹಂಚಿನ ಭಾರ ರೀಪು ಹೊರತೈತಿ, ರೀಪಿಂದು ಪಕಾಸಿ, ಪಕಾಸಿದು ತೊಲಿ, ತೊಲಿದು ಕಂಬ. ಯಾರೊಬ್ಬರ ಮ್ಯಾಲೂ ಬೀಳಂಗಿಲ್ಲ ಮಗಳ." ವೈನಿಯ ಅಳು ಕಡಿಮೆಯಾಯಿತು.

ಮಳೆಗಾಲಕ್ಕೆ ಮುಂಚೆ ಹೆಂಚು ತೆಗೆದು, ಝಾಡಿಸಿ, ಮತ್ತೆ ಕೂಡಿಸುವುದು ರೂಢಿ. ಆ ವರ್ಷ ಅವ್ವ ಆಳುಗಳನ್ನು ವಾಪಸು ಕಳಿಸಿದಳು. "ಮನಿಯಾಗ ಬಸರಿ ಇದ್ದಾಗ ಸೂರಿಗೆ ಕೈ ಹಚ್ಚಬಾರದು." ನಾನು ಆಗಷ್ಟೇ ಚಿಕ್ಕೋಡಿಯಲ್ಲಿ ಕಾಲೇಜು ಸೇರಿದವಳು, ಮೂಢನಂಬಿಕೆ ಅಂತ ಭಾಷಣ ಬಿಗಿದೆ. ಅವ್ವ ಕಡಲೆ ಹಸನು ಮಾಡುತ್ತ ಪೂರ್ತಿ ಕೇಳಿ, "ಮುಗೀತೇನ?" ಎಂದಳು.

ಮಳೆ ಸುರಿಯಿತು, ಸೂರು ಸೋರಿತು. ಅವ್ವ ವೈನಿಯ ಹೊರಸನ್ನು ಒಣ ಜಾಗಕ್ಕೆ ಎಳೆಸಿ, ಸೋರುವ ಕಡೆ ಬುಟ್ಟಿ, ಬೋಗಾಣಿ ಇಡುತ್ತ ತಾನು ತೊಯ್ಯುತ್ತಿದ್ದಳು. ಆಗ ಹೊರಸಿನಿಂದ ಕೂಗು ಬಂತು.

"ಅವ್ವಾ! ನಿಮ್ಮ ತಲಿ ಮ್ಯಾಲ, ಎರಡನೇ ಪಕಾಸಿ ಕಡೆ ಹಂಚ ಸರದೈತ್ರಿ!"

ಅಲ್ಲಿಯತನಕ ವೈನಿ ಅವ್ವನನ್ನು ಏನೆಂದೂ ಕರೆದಿರಲಿಲ್ಲ. ಅವ್ವ ಕೋಲೆತ್ತಿದವಳು ಹೆಂಚು ನೂಕುವುದನ್ನೇ ಮರೆತಳು. ನೀರೆಲ್ಲ ಮುಖದ ಮೇಲೆ ಬಿತ್ತು. ಆಮೇಲೆ ಮೆಲ್ಲಗೆ, ಮಲಗಿದ ಕೂಸಿನ ಕೌದಿ ಸರಿಮಾಡಿದ ಹಾಗೆ, ಕೋಲಿನಿಂದ ಹೆಂಚು ಸರಿಸಿದಳು. ದೀಪಾವಳಿ ಹೊತ್ತಿಗೆ ಗಂಡು ಕೂಸು ಹುಟ್ಟಿತು.

ಈಗ ಅವ್ವ ಇಲ್ಲ. ಮೊನ್ನೆ ಆ ಬಿಸಿಲು ಇನ್ನೂ ನನ್ನ ಮೂಗಿನ ಮೇಲಿತ್ತು. "ಈ ವರ್ಷ ಹಂಚ ತಗದು ಸ್ಲ್ಯಾಬ್ ಹಾಕಸ್ತೀವಿ ಅಂದಿದ್ರಲ್ಲ?" ಎಂದು ವೈನಿಯನ್ನು ಕೇಳಿದೆ. ಅವರು ಒಳಕೋಣೆಯತ್ತ ನೋಡಿದರು. ಅಲ್ಲಿ ಅಂದು ಹುಟ್ಟಿದ ಅದೇ ಮಗನ ಹೆಂಡತಿ ಮಲಗಿದ್ದಳು. ದನಿ ತಗ್ಗಿಸಿ ಹೇಳಿದರು:

"ಸೊಸಿಗೆ ಮೂರು ತಿಂಗಳಾತು. ಮನಿಯಾಗ ಬಸರಿ ಇದ್ದಾಗ ಸೂರಿಗೆ ಕೈ ಹಚ್ಚಬಾರದು."

ಅವ್ವನದೇ ಕನ್ನಡ, ಅವ್ವನದೇ ದನಿ. ಎದ್ದು ಮೂಲೆಯ ಕೋಲು ತಂದೆ.

"ಎಷ್ಟನೇ ಪಕಾಸಿ, ನೋಡಿ ಹೇಳ್ರಿ ವೈನಿ."